ಆಳೆತ್ತರದ ಬೇಲಿ

ಜೂನ್ 3, ಮಂಗಳವಾರ

ಬೇಲಿ ಬಿತ್ತು. ನಿನ್ನೆ ಸಂಜೆಯ ಗಾಳಿಗೆ ಹಿತ್ತಲಿನ ಹಲಗೆ ಬೇಲಿ ಈ ತುದಿಯಿಂದ ಆ ತುದಿಯವರೆಗೆ ಮಲಗಿಬಿಟ್ಟಿದೆ. ಹದಿನೈದು ವರ್ಷದ ಹಲಗೆ, ಬುಡವೆಲ್ಲ ಗೆದ್ದಲು ತಿಂದಿತ್ತು. ಬೀಳಲಿ, ಬೇಡವೆನ್ನುವುದಿಲ್ಲ. ಆದರೆ ಈಗಲೇ ಬೀಳಬೇಕಿತ್ತೇ?

ಬೆಳಗ್ಗೆ ಇವರು ಕೋಲು ಹಿಡಿದು, ಎಂದಿನಂತೆ ನಲವತ್ತು ಹೆಜ್ಜೆ ನಡೆಯಲೆಂದು ಹಿತ್ತಲಿಗೆ ಇಳಿದರು. ಬೇಲಿ ಇದ್ದ ಜಾಗದಲ್ಲಿ ಹಿಂದಿನ ಮನೆಯ ದುರ್ಬೀನು ಸೊಂಟದ ಮೇಲೆ ಕೈಯಿಟ್ಟು ನಿಂತು ನಮ್ಮ ಕಡೆಗೇ ನೋಡುತ್ತಿದ್ದ. ಇವರು ಮೂರನೇ ಹೆಜ್ಜೆಗೆ ನಿಂತರು. ಸೊಟ್ಟಗಾದ ಬಾಯನ್ನು ಟವೆಲಿನಿಂದ ಮುಚ್ಚಿಕೊಂಡು, ಬಲಗಾಲು ಎಳೆದುಕೊಂಡು ಒಳಗೆ ಹೋದರು. ಮೂವತ್ತು ವರ್ಷ ಸೀಟಿ ಊದಿ ಮುನ್ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಡ್ರಿಲ್ ಮೇಷ್ಟ್ರು ಇವರು. ಫೆಬ್ರವರಿಯಲ್ಲಿ ಲಕ್ವ ಹೊಡೆದ ಮೇಲೆ ನನ್ನ ಕಣ್ಣು ಬಿಟ್ಟು ಬೇರೆ ಯಾರ ಕಣ್ಣನ್ನೂ ಸಹಿಸುವುದಿಲ್ಲ.

"ಬಿದ್ದಿದ್ದು ಒಳ್ಳೇದೇ ಆಯ್ತು ಬಿಡಿ," ಅಂದ ದುರ್ಬೀನು. "ನನ್ನ ಟೊಮೇಟೊಗೆ ಬಿಸಿಲು ಬಂತು."

ಮೈಯೆಲ್ಲ ಉರಿದುಹೋಯಿತು. ಸರ್ವೆ ಇಲಾಖೆಯಲ್ಲಿ ಮೂರು ಕಾಲಿನ ದುರ್ಬೀನಿಗೆ ಕಣ್ಣಿಟ್ಟು ಆಯುಷ್ಯ ಕಳೆದವನು. ನಿವೃತ್ತನಾದ ಮೇಲೂ ನೋಡುವ ಚಟ ಹೋಗಿಲ್ಲ. ಹೆಸರಿಟ್ಟವಳು ನಾನೇ, ತಪ್ಪೇನಿಲ್ಲ.

ಜೂನ್ 5, ಗುರುವಾರ

ಕಾಲಿನ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಬಂದಿದ್ದಳು. ಇವರ ಮೊಣಕಾಲು ಮಡಿಸಿ ಬಿಡಿಸಿ, ಮುಖ ಸಣ್ಣ ಮಾಡಿಕೊಂಡು ನನ್ನನ್ನು ಅಡುಗೆಮನೆಗೆ ಕರೆದಳು.

"ಅಮ್ಮಾ, ಇನ್ನು ಮೂರು ತಿಂಗಳು ದಿನಾ ನಡೀಲೇಬೇಕು. ಈಗ ಬಿಟ್ರೆ ಕಾಲು ಬಿಗಿದುಕೊಳ್ಳುತ್ತೆ. ಆಮೇಲೆ ನಾನಲ್ಲ, ಯಾರು ಬಂದ್ರೂ ಆಗಲ್ಲ. ಸೆಪ್ಟೆಂಬರ್ ಹನ್ನೆರಡಕ್ಕೆ ಬಂದು ನೋಡ್ತೀನಿ."

ಎಲ್ಲಿ ನಡೆಯಬೇಕು? ಮನೆಯೊಳಗೆ ಎಂಟು ಹೆಜ್ಜೆಗೊಂದು ಗೋಡೆ, ಎರಡು ಹೊಸ್ತಿಲು, ಉಳಿದ ಜಾಗದಲ್ಲಿ ನನ್ನ ಹೊಲಿಗೆ ಮಷೀನು. ಬೀದಿಗೆ ಇಳಿದರೆ ಮೂಲೆಯಲ್ಲಿ ಬೇಕರಿ. ಅಲ್ಲಿ ಬೆಳಗಿಂದ ಸಂಜೆವರೆಗೆ ಇವರ ಹಳೇ ವಿದ್ಯಾರ್ಥಿಗಳೇ ನಿಂತಿರುತ್ತಾರೆ. ಅಲ್ಲಿ ಹೋಗಿ ಅಂದರೆ ಪ್ರಾಣ ಬಿಟ್ಟಾರು, ಹೋಗುವುದಿಲ್ಲ. ಇರುವುದು ಹಿತ್ತಲು ಒಂದೇ.

ಗೋಡೆ ಕಟ್ಟಿಸೋಣವೆಂದರೆ ಎರಡೂ ಮನೆಯವರ ಸಹಿ ಬೇಕು. ದುರ್ಬೀನು ಜಪ್ಪಯ್ಯ ಅಂದರೂ ಹಾಕುವುದಿಲ್ಲ. ಗಿಡಕ್ಕೆ ಯಾರ ಸಹಿ ಬೇಕು? ಗಿಡವನ್ನೇ ಗೋಡೆ ಮಾಡುತ್ತೇನೆ. ಆಳೆತ್ತರ, ಬೆರಳು ತೂರದಷ್ಟು ಒತ್ತಾಗಿ. ಮೂರು ತಿಂಗಳೊಳಗೆ.

ಜೂನ್ 8, ಭಾನುವಾರ

ನರ್ಸರಿಗೆ ಹೋಗಿದ್ದೆ. ನರ್ಸರಿಯಾಕೆ ನಾಲ್ಕು ಬಗೆ ತೋರಿಸಿದಳು. ಬಿದಿರು, ಕಾಗದದ ಹೂವು, ಕಣಗಿಲೆ, ದಾಸವಾಳ.

"ಬೇಗ ಎತ್ತರಕ್ಕೆ ಬರೋದು ಯಾವುದು?"

"ಬಿದಿರು. ಆದ್ರೆ ಅಕ್ಕಾ, ಅದು ಆಮೇಲೆ ನಿಮ್ಮ ಮಾತು ಕೇಳಲ್ಲ. ಕಣಗಿಲೆ ವಿಷ. ಕಾಗದದ ಹೂವಿಗೆ ಮುಳ್ಳು. ದಾಸವಾಳ ಒಳ್ಳೇದು, ಆದ್ರೆ ವರ್ಷ ಬೇಕು."

"ನನ್ನ ಹತ್ರ ಮೂರು ತಿಂಗಳಿದೆ."

"ಹಾಗಾದ್ರೆ ನಿಮಗೆ ಬೇಕಾಗಿರೋದು ಗಿಡ ಅಲ್ಲ, ಬಾಗಿಲು. ಬಡಗಿ ಹತ್ರ ಹೋಗಿ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆ ಗಿಡಗಳ ಪಟ್ಟಿ ಹಿಡಿದು ದುರ್ಬೀನಿನ ಹತ್ತಿರವೂ ಹೋದೆ, ಮರ್ಯಾದೆಗೆಂದು. ಅವನ ಮನೆಯ ಮುಂಬಾಗಿಲು ಹಿಂದಿನ ಬೀದಿಯಲ್ಲಿದೆ. ಬೇಕರಿ ದಾಟಿ, ಮೂಲೆ ತಿರುಗಿ ಹೋಗಬೇಕು. ಬಿದಿರಿನ ಬೇರು ಅವನ ಬಾವಿಗೆ ಬರುತ್ತದಂತೆ. ಮುಳ್ಳು ಅವನ ಬೆಕ್ಕಿಗೆ ಚುಚ್ಚುತ್ತದಂತೆ. ಕಣಗಿಲೆ ತಿಂದು ಅದೇ ಬೆಕ್ಕು ಸಾಯುತ್ತದಂತೆ. ಆ ಬೆಕ್ಕು ನಮ್ಮ ಹಾಲು ಬಿಟ್ಟು ಇನ್ನೇನನ್ನೂ ತಿಂದದ್ದು ನಾನು ಕಂಡಿಲ್ಲ.

ದಾಸವಾಳಕ್ಕೆ ಬಂದಾಗ ಒಂದು ಕೋಲು ತಂದು ನೆಲಕ್ಕೆ ನೆಟ್ಟ. ಅದರ ನೆರಳು ಎಲ್ಲಿ ಬಿತ್ತೋ ಅಲ್ಲಿ ಸುಣ್ಣದ ಗೆರೆ ಎಳೆದ. "ನೋಡಿಯಮ್ಮಾ, ನಾಲ್ಕಡಿ. ಅದಕ್ಕಿಂತ ಒಂದು ಅಂಗುಲ ಮೇಲೆ ಬಂದ್ರೆ ಬೆಳಗಿನ ಬಿಸಿಲು ನನ್ನ ಪಾತಿಗೆ ಬೀಳಲ್ಲ. ಬಂದ್ರೆ ಕತ್ತರಿಸ್ತೀನಿ."

"ನಾಲ್ಕಡಿ ಗಿಡದ ಹಿಂದೆ ಆಡು ನಿಂತ್ರೂ ಕಾಣುತ್ತೆ ಸಾರ್."

"ನಿಮ್ಮನೇಲಿ ಆಡಿದೆಯಾ?"

ಅವನಿಗೆ ಕಾರಣ ಹೇಳಲಿಲ್ಲ. ಹೇಳುವುದೂ ಇಲ್ಲ.

ಜೂನ್ 14, ಶನಿವಾರ

ಹನ್ನೊಂದು ದಿನ ಆಯಿತು ಇವರು ಹೊರಗೆ ಕಾಲಿಟ್ಟು. ಇವತ್ತು, ಹೊಲಿಯಲು ಬಂದ ಶಾಲಾ ಸಮವಸ್ತ್ರದ ಉಳಿಕೆ ಬಟ್ಟೆಗಳನ್ನೆಲ್ಲ ಕೂಡಿಸಿ ದೊಡ್ಡದೊಂದು ಪರದೆ ಹೊಲಿದೆ. ಹಗ್ಗ ಕಟ್ಟಿ ಹಿತ್ತಲಿಗೆ ಇಳಿಬಿಟ್ಟೆ. ಖುಷಿಯಿಂದ ಒಳಗೆ ಬಂದು, "ರೀ, ಈಗ ಬನ್ನಿ, ಒಬ್ಬರೂ ಕಾಣಲ್ಲ," ಅಂದೆ.

ಕಿಟಕಿಯಿಂದ ನೋಡಿದರು. ಮಾತು ಇನ್ನೂ ತೊದಲು, ಒಂದೊಂದೇ ಬರುತ್ತದೆ. "ತೆಗಿ. ಪರದೆ... ಯಾಕೆ ಅಂತ... ಬೀದಿಯೇ ಕೇಳುತ್ತೆ."

ತೆಗೆದೆ. ಮಡಿಸುವಾಗ ಅಳು ಬಂತು. ಅಳುತ್ತಾ ಕೂತರೆ ಗಿಡ ಬೆಳೆಯುತ್ತದೆಯೇ? ನಾಳೆ ಬೆಳಗ್ಗೆಯೇ ನೆಡುತ್ತೇನೆ, ಯಾರನ್ನೂ ಕೇಳುವುದಿಲ್ಲ.

ಜೂನ್ 15, ಭಾನುವಾರ

ನೆಟ್ಟೆ! ಹದಿನೆಂಟು ದಾಸವಾಳ, ಎರಡೆರಡು ಅಡಿಗೆ ಒಂದು. ಬೇಲಿಯ ಕಂಬಗಳನ್ನು ದುರ್ಬೀನು ಕಿತ್ತು ಮಣ್ಣು ಸಮ ಮಾಡಿಬಿಟ್ಟಿದ್ದ, ಗುರುತೇ ಇಲ್ಲ. ಮನೆ ಪತ್ರದಲ್ಲಿ ನಮ್ಮ ಹಿಂಬದಿ ಗೋಡೆಯಿಂದ ಗಡಿಗೆ ಇಪ್ಪತ್ತನಾಲ್ಕು ಅಡಿ ಎಂದು ಬರೆದಿದೆ. ನನ್ನ ಅಂಗುಲದ ಟೇಪಿನಲ್ಲೇ ಅಳೆದೆ. ಇಪ್ಪತ್ತು ವರ್ಷದಿಂದ ಈ ಕತ್ತಿನಲ್ಲಿ ನೇತಾಡುತ್ತಿರುವ ಟೇಪು, ಒಂದು ಅಂಗಿಯೂ ತಪ್ಪಿಲ್ಲ. ಸರಿಯಾಗಿ ಗಡಿಯ ಮೇಲೆಯೇ ನೆಟ್ಟೆ. ಒಂದು ದಾರದೆಳೆಯಷ್ಟು ಜಾಗವನ್ನೂ ಅವನಿಗೆ ಬಿಟ್ಟುಕೊಡುವುದಿಲ್ಲ.

ಸೊಂಟ ಬಿದ್ದುಹೋಗಿದೆ. ಬೀಳಲಿ.

ಜೂನ್ 22, ಭಾನುವಾರ

ಸಿಟ್ಟಿಗೆ ಅಕ್ಷರ ಸೊಟ್ಟ ಬರುತ್ತಿವೆ. ಆದರೂ ಬರೆಯುತ್ತೇನೆ.

ಬೆಳಗ್ಗೆ ಎಂಟಕ್ಕೆ ದುರ್ಬೀನು ಉಕ್ಕಿನ ಟೇಪು ಹಿಡಿದುಕೊಂಡು ನಮ್ಮ ಹಿತ್ತಲಿಗೇ ನುಗ್ಗಿದ. "ಐದು ಅಂಗುಲ! ಐದು ಅಂಗುಲ ನನ್ನ ಜಾಗದಲ್ಲಿ ನೆಟ್ಟಿದ್ದೀರಿ!"

"ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ ಸಾರ್. ನಾನು ಅಳೆದಿದ್ದೀನಿ."

"ಏನರಲ್ಲಿ? ಆ ಕತ್ತಿನ ಪಟ್ಟಿಯಲ್ಲಾ?"

ನನ್ನ ಟೇಪಿಗೆ ಪಟ್ಟಿ ಅಂದ! ನಾನೂ ಬಿಡಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನೂ ಅಂದ. ಬೆಕ್ಕಿನ ವಿಷಯವೂ ಬಂತು. ಕಡೆಗೆ, "ಈ ತುದಿ ಗೋಡೆಗೆ ಹಿಡೀರಿ, ನಾನು ಅಲ್ಲಿ ಓದ್ತೀನಿ," ಅಂದ. "ನೀವು ಓದಿದ್ದನ್ನ ನಾನ್ಯಾಕೆ ನಂಬಲಿ?" ಅಂದೆ. ಅಷ್ಟರಲ್ಲಿ ಒಳಗಿಂದ ಇವರು, "ನಾ... ಓದ್ತೀನಿ!" ಎಂದು ಕೂಗಿಕೊಂಡು ಬಂದರು. ನಾನು ಗೋಡೆಯ ಹತ್ತಿರ ತುದಿ ಹಿಡಿದೆ. ಇವರು ಗಡಿಯ ಹತ್ತಿರ ಹೋಗಿ ಬಗ್ಗಿ ಓದಿದರು. ಅವನು ಹೇಳಿದ್ದೇ ನಿಜ. ಐದು ಅಂಗುಲಕ್ಕೆ ಒಂದು ಕೂದಲೆಳೆ ಕಮ್ಮಿ.

"ಐದೇ... ಕಣೇ," ಅಂದರು ಇವರು, ಅವನ ಮುಂದೆಯೇ! ಕಟ್ಟಿಕೊಂಡ ಗಂಡ ಸಾಕ್ಷಿ ಹೇಳಿದ್ದು ಅವನ ಕಡೆಗೆ. ಒಳಗೆ ಬರುವಾಗ ಬಾಗಿಲ ಬಳಿ ಬಿದ್ದಿದ್ದ ಇವರ ಕೋಲು ನನ್ನ ಕಾಲಿಗೆ ತೊಡರಿ ಮುಗ್ಗರಿಸಿದೆ. ಎಲ್ಲೆಂದರಲ್ಲಿ ಬಿಸಾಡಬೇಡಿ ಎಂದು ಇವರಿಗೂ ಬೈದೆ.

ಹೊರಗೆ ಬಂದರಲ್ಲ ಎಂದು ಸಂತೋಷಪಡುವ ಹಾಗೂ ಇಲ್ಲ. ಬಂದದ್ದು ಜಗಳಕ್ಕೆ, ನಡೆಯಲಿಕ್ಕಲ್ಲ. ಈಗ ಅವನು ಹತ್ತಿರದಿಂದಲೇ ನೋಡಿಬಿಟ್ಟ. ಇನ್ನು ಇವರು ಹೊರಗೆ ಬಂದ ಹಾಗೇ!

ಜೂನ್ 23, ಸೋಮವಾರ

ತಪ್ಪು ನನ್ನದೇ. ಇಲ್ಲಿ ಮಾತ್ರ ಬರೆಯುತ್ತೇನೆ.

ಅವನು ಗೋಡೆಯ ಬುಡದಲ್ಲಿ ಬಿಟ್ಟುಹೋಗಿದ್ದ ಉಕ್ಕಿನ ಟೇಪಿನ ಪಕ್ಕ ನನ್ನದನ್ನು ಚಾಚಿ ನೋಡಿದೆ. ನನ್ನ ಅರವತ್ತು ಅಂಗುಲ ಅದರ ಅರವತ್ತೊಂದು. ಇಪ್ಪತ್ತು ವರ್ಷ ಎಳೆದೂ ಎಳೆದೂ ಟೇಪು ಹಿಗ್ಗಿದೆ. ಮೈ ಅಳೆಯುವುದೂ ಅದರಲ್ಲೇ, ಬಟ್ಟೆ ಅಳೆಯುವುದೂ ಅದರಲ್ಲೇ. ಹಾಗಾಗಿ ಅಂಗಿ ಯಾವತ್ತೂ ತಪ್ಪಲಿಲ್ಲ, ನನಗೆ ಗೊತ್ತೂ ಆಗಲಿಲ್ಲ.

ಟೇಪು ವಾಪಸ್ ಕೊಡಲು ಹೋದಾಗ, "ಸಂಜೆ ಗಿಡ ಕೀಳ್ತೀನಿ," ಅಂದೆ, ನೆಲ ನೋಡುತ್ತಾ. ಗೆದ್ದೆನೆಂದು ಹಿಗ್ಗುತ್ತಾನೆ ಅಂದುಕೊಂಡಿದ್ದೆ. "ಹಾಗೆಲ್ಲ ಕಿತ್ರೆ ಸಾಯುತ್ತೆ. ಮಣ್ಣಿನುಂಡೆ ಸಮೇತ ಎತ್ತಬೇಕು," ಎಂದು ಸಲಿಕೆ ಹಿಡಿದು ಅವನೇ ಬಂದ. ಗೂಟ ಹೊಡೆದು ದಾರ ಕಟ್ಟಿದ. ಇವರೂ ಬಂದು ಕಲ್ಲಿನ ಮೇಲೆ ಕೂತರು. ಕೂತವರು ಸುಮ್ಮನಿರಬೇಕಲ್ಲ?

"ಮೂರನೇದು... ಹಿಂದೆ."

"ಏನು?" ಎಂದ ದುರ್ಬೀನು, ಕಿವಿ ಹತ್ತಿರ ತಂದು.

"ಮೂರನೇದು ಸಾಲು... ಬಿಟ್ಟಿದೆ!"

"ದಾರ ನೋಡೀಪ್ಪಾ, ಸರಿಯಾಗೇ ಇದೆ."

ಇವರು ಎದ್ದುಹೋಗಿ ಹತ್ತಿರದಿಂದ ತೋರಿಸಿದರು. ಅರ್ಧ ಅಂಗುಲ ಹೊರಗಿತ್ತು. ಹದಿನೆಂಟಕ್ಕೂ ಇದೇ ರಾಮಾಯಣ. ಕತ್ತಲಾಗುವ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿದಿತ್ತು.

ಜುಲೈ 2, ಬುಧವಾರ

ನಾಲ್ಕು ದಾಸವಾಳ ಸತ್ತಿವೆ. ಉಳಿದವು ಮೊಣಕಾಲಿಗೂ ಬರುವುದಿಲ್ಲ. ಸೆಪ್ಟೆಂಬರ್ ಹನ್ನೆರಡಕ್ಕೆ ಎಪ್ಪತ್ತೆರಡು ದಿನ.

ಇವತ್ತು ದುರ್ಬೀನಿಗೆ ಬಾಯಿಬಿಟ್ಟು ಹೇಳಿಬಿಟ್ಟೆ. ಇವರು ಒಳಗೆ ಸ್ನಾನಕ್ಕೆ ಹೋಗಿದ್ದಾಗ. "ಇವರ ಕಾಲು ಸಾರ್. ಯಾರಾದ್ರೂ ನೋಡ್ತಾರೆ ಅಂದ್ರೆ ನಡೆಯಲ್ಲ. ನಡೀದೆ ಇದ್ರೆ ಕಾಲು ಹೋಗುತ್ತೆ. ಅದಕ್ಕೇ ಮರೆ ಬೇಕು."

ದುರ್ಬೀನು ದಾಸವಾಳದ ಸಾಲನ್ನು ಒಮ್ಮೆ ಉದ್ದಕ್ಕೂ ನೋಡಿದರು. ಆಮೇಲೆ, "ಮೆಕ್ಕೆಜೋಳ ಹಾಕಿ," ಅಂದರು. "ಮೂರು ಸಾಲು, ಒತ್ತಾಗಿ. ಎರಡು ತಿಂಗಳಿಗೆ ಆಳೆತ್ತರ ದಾಟುತ್ತೆ. ಆಮೇಲೆ ಒಣಗುತ್ತೆ, ಕಿತ್ತು ಬಿಸಾಕಿ. ನನ್ನ ಬಿಸಿಲು ನನಗೆ."

"ನಿಮ್ಮ ಟೊಮೇಟೊ?"

"ಈ ಸಲ ಸೊಪ್ಪು ಹಾಕ್ತೀನಿ, ನೆರಳಿಗೂ ಬರುತ್ತೆ. ಆದ್ರೆ ಅರ್ಧ ತೆನೆ ನಂದು, ಈಗಲೇ ಹೇಳಿದ್ದೀನಿ."

ಎಂಥ ಜಿಪುಣ! ಬಿತ್ತನೆ ಮುಗಿಯಿತು.

ಜುಲೈ 19, ಶನಿವಾರ

ಜೋಳ ಮೊಣಕಾಲೆತ್ತರ. ಶಾಲೆಯ ಸಮವಸ್ತ್ರ ಇನ್ನೂ ಅರವತ್ತು ಬಾಕಿ, ಬರೆಯಲು ಹೊತ್ತಿಲ್ಲ.

ಇವರಿಗೂ ದುರ್ಬೀನಿಗೂ ದಿನಾ ವಾದ. ಎಷ್ಟು ನೀರು, ಎಷ್ಟು ಗೊಬ್ಬರ, ಹುಳ ಕೈಯಲ್ಲಿ ಹೆಕ್ಕಬೇಕೋ ಬೂದಿ ಹಾಕಬೇಕೋ. ಊಟ ಆರಿಹೋಗುತ್ತದೆ, ಕರೆದರೆ ಬರುವುದಿಲ್ಲ. ಮಣ್ಣಿನ ಚಪ್ಪಲಿಯಲ್ಲೇ ಒಳಗೆ ಬರುತ್ತಾರೆ, ದಿನಕ್ಕೆ ಮೂರು ಸಲ ಗುಡಿಸುವವಳು ನಾನು. ನಿಂತು ಹರಟುವುದು ನಡಿಗೆಯಲ್ಲ ಎಂದು ಎಷ್ಟು ಸಲ ಹೇಳುವುದು? ನಲವತ್ತು ಹೆಜ್ಜೆ ಎಂದರೆ ನಲವತ್ತು ಹೆಜ್ಜೆ, ಎಣಿಸಿ, ಒಂದೇ ಸಮ. ಬೇಲಿ ಮೇಲೇಳಲಿ, ಆಗ ಶುರು ಮಾಡಿಸುತ್ತೇನೆ.

ಆಗಸ್ಟ್ 9, ಶನಿವಾರ

ಜೋಳ ನನ್ನ ಭುಜಕ್ಕೆ ಬಂತು. ಆದರೆ ಸಾಲಿನ ನಟ್ಟನಡುವೆ ಒಂದು ಸಂದಿ! ಏಳೆಂಟು ಗಿಡ ಬುಡಸಮೇತ ಮಾಯ. ಒಬ್ಬ ಮನುಷ್ಯ ನುಸುಳುವಷ್ಟು ಜಾಗ.

ಮೊದಲು ದುರ್ಬೀನನ್ನೇ ಕೇಳಿದೆ. "ನಾನ್ಯಾಕೆ ಕೀಳ್ಲಿ? ಅರ್ಧ ತೆನೆ ನಂದು!" ಎಂದು ರೇಗಿದರು. ಇವರನ್ನು ಕೇಳಿದೆ.

"ಇಲಿ."

"ಬುಡಸಮೇತ ಕೀಳೋ ಇಲೀನಾ?"

"ದೊಡ್ಡ ಇಲಿ," ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಇಲಿಯಾಗಲಿ ಹುಲಿಯಾಗಲಿ, ನಾನು ಬಿಡುವವಳಲ್ಲ. ಹಳೇ ಮಷೀನಿನ ಕಬ್ಬಿಣದ ಸ್ಟ್ಯಾಂಡನ್ನು ಸಂದಿಗೆ ಅಡ್ಡ ಇಟ್ಟು, ನರ್ಸರಿಯಿಂದ ಬಲಿತ ಎರಡು ದಾಸವಾಳ ಕುಂಡ ಸಮೇತ ತಂದು, ಎಲ್ಲವನ್ನೂ ಹಗ್ಗ ಬಿಗಿದು ಮುಚ್ಚಿದೆ. ಇನ್ನು ಬೆಕ್ಕೂ ನುಸುಳಲಾರದು.

ಆಗಸ್ಟ್ 30, ಶನಿವಾರ

ಮುಗಿಯಿತು. ಇವತ್ತು ಹಿತ್ತಲಿನಲ್ಲಿ ನಿಂತು ಕತ್ತೆತ್ತಿ ನೋಡಿದೆ. ನನ್ನ ತಲೆಗಿಂತ ಎರಡಡಿ ಮೇಲೆ ಜೋಳದ ತುದಿಯ ಹೂಗೊಂಚಲು, ಸೂಲಂಗಿ. ಈ ಕಡೆಯಿಂದ ಆ ಕಡೆಗೆ ಎಳ್ಳಷ್ಟೂ ಕಾಣುವುದಿಲ್ಲ. ಇವರನ್ನು ಕೈಹಿಡಿದು ಕರೆತಂದೆ.

"ನೋಡಿ ರೀ. ಇನ್ನು ಧೈರ್ಯವಾಗಿ ನಡೀರಿ."

ಇವರು ಹಸಿರನ್ನು ಮೇಲಿಂದ ಕೆಳಗೆ ನೋಡಿದರು. "ಚೆನ್ನಾಗಿದೆ," ಅಂದರು. ಒಳಗೆ ಹೋಗಿ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಸೆಪ್ಟೆಂಬರ್ 3, ಬುಧವಾರ

ಐದು ದಿನದಿಂದ ಒಳಗೇ. ಮಾತಿಲ್ಲ. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ? ಕೋಪ ಬರುತ್ತದೆ. ಒಂಬತ್ತು ದಿನ ಉಳಿದಿದೆ.

ಸೆಪ್ಟೆಂಬರ್ 8, ಸೋಮವಾರ

ಬೆಳಗಿನ ಹೊತ್ತೆಲ್ಲ ಶಾಲೆಯಲ್ಲಿ ಸಮವಸ್ತ್ರ ಹಂಚುವುದೇ ಆಯಿತು. ಈ ವಾರವಿಡೀ ಹೀಗೇ. ಬರುವಾಗ ಬ್ರೆಡ್ಡು ತರಲು ನಿಂತೆ. "ಮೇಷ್ಟ್ರು ಚೆನ್ನಾಗಿದ್ದಾರಲ್ಲಾ," ಅಂದಳು ಬೇಕರಿಯಾಕೆ. ಕೇಳಿದಳೋ ಹೇಳಿದಳೋ ಗೊತ್ತಾಗಲಿಲ್ಲ. "ಹೂಂ, ಒಳಗಿದ್ದಾರೆ," ಅಂದೆ.

ಮನೆಗೆ ಬಂದರೆ ಇವರು ಮಂಚದ ಮೇಲೆ ಬೆವರಿ ಕೂತಿದ್ದರು. ಜ್ವರವೇನೋ ಎಂದು ಹಣೆ ಮುಟ್ಟಿದೆ, ಇಲ್ಲ. ಒಂದು ಲೋಟ ನೀರು ಗಟಗಟ ಕುಡಿದರು. ಎಷ್ಟು ಬೇಡಿಕೊಂಡರೂ ಹಿತ್ತಲಿಗೆ ಬರಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಡಾಕ್ಟರಮ್ಮ ಹತ್ತು ಗಂಟೆಗೆ ಅಂದವಳು ಒಂಬತ್ತಕ್ಕೇ ಬಂದಳು. ನಾನೂ ಅವಳಿಗೆಂದೇ ಶಾಲೆಯಿಂದ ಬೇಗ ಹೊರಟು ಆಗಷ್ಟೇ ಬಂದು ಬಾಗಿಲು ತಟ್ಟಲು ಹೋದರೆ, ಅದು ತೆರೆದೇ ಇತ್ತು. ಮಂಚ ಖಾಲಿ. ಬಚ್ಚಲುಮನೆ ಖಾಲಿ. ಹಿತ್ತಲು ಖಾಲಿ. ಕೋಲು ಮಾತ್ರ ಗೋಡೆಗೆ ಒರಗಿತ್ತು.

"ಸಾರ್ ಎಲ್ಲಿ ಅಮ್ಮಾ?"

ಬಿದ್ದರೇ? ಯಾರಾದರೂ ಆಸ್ಪತ್ರೆಗೆ ಎತ್ತಿಕೊಂಡು ಹೋದರೇ? ಇವರನ್ನು ಒಂಟಿಯಾಗಿ ಬಿಟ್ಟು ಹೋದ ನನ್ನನ್ನು ನಾನೇ ಶಪಿಸಿಕೊಂಡೆ. ಅಷ್ಟರಲ್ಲಿ ಜೋಳದ ಆಚೆಯಿಂದ ಧ್ವನಿ ಬಂತು.

"ಎರಡನೇದು ಸಾಲಲ್ಲಿಲ್ಲ! ಹಿಂದೆ ತಗೊಳ್ಳಿ!"

"ನಿಮ್ಮ ಸಾಲು ನಿಮ್ಮ ಹಿತ್ತಲಲ್ಲಿ ಇಟ್ಕೊಳ್ಳಿ ಮೇಷ್ಟ್ರೇ, ಇದು ನನ್ನ ಪಾತಿ!"

ಓಡಿ ಹೋಗಿ ಜೋಳವನ್ನು ಎರಡು ಕೈಯಿಂದ ಸರಿಸಿದೆ. ಒಂದು ಸಾಲು ಸರಿಸಿದರೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಲೆಯ ಅಲಗು ತಗುಲಿ ಕೈ ತುಂಬ ಗೀರು. ಸಂದಿ ಇದ್ದಲ್ಲಿಗೆ ಹೋದೆ, ಅಲ್ಲಿ ಕಬ್ಬಿಣ, ಕುಂಡ, ನಾನೇ ಹಾಕಿದ ಗಂಟು. ಏನೂ ಕಾಣಲಿಲ್ಲ. ನನ್ನ ಗಂಡ ಹತ್ತು ಮಾರು ದೂರದಲ್ಲಿ ಓಡಾಡುತ್ತಿದ್ದಾರೆ, ನನಗೆ ಕಾಣುವುದಿಲ್ಲ! ಎಂಥ ಬೇಲಿ ಕಟ್ಟಿದೆನಪ್ಪಾ ನಾನು!

ಒಳಗಿಂದ ಸ್ಟೂಲು ತಂದು ಹತ್ತಿದೆ. ತುದಿಬೆರಳ ಮೇಲೆ ನಿಂತ ಮೇಲೆ ಕಂಡರು. ದುರ್ಬೀನಿನ ಹಿತ್ತಲಿನ ಆ ತುದಿಯಲ್ಲಿ, ಪಾತಿಗಳ ನಡುವೆ, ಕೋಲಿಲ್ಲದೆ. ಬಲಗಾಲು ಎಳೆಯುತ್ತಿತ್ತು, ನಿಜ. ಆದರೆ ಎತ್ತುತ್ತಿದ್ದರು. ಎತ್ತಿ ಇಡುತ್ತಿದ್ದರು. ಅಲ್ಲಿಗೆ ಹೋಗಲು ಇನ್ನಾವ ದಾರಿಯೂ ಇಲ್ಲ, ನಾನೇ ಮುಚ್ಚಿದ್ದೇನೆ. ಬೀದಿಯಲ್ಲಿ ಹೋಗಿದ್ದಾರೆ. ಬೇಕರಿಯ ಮುಂದೆ, ಅಷ್ಟೂ ಜನರ ಮುಂದೆ.

"ಅಮ್ಮಾ, ಏನು ಕಾಣುತ್ತೆ? ನನಗೂ ಹೇಳಿ," ಅಂದಳು ಡಾಕ್ಟರಮ್ಮ ಕೆಳಗಿಂದ.

ಇವರು ತಿರುಗಿ, ಸೂಲಂಗಿಯ ಮೇಲೆ ನನ್ನ ತಲೆಯನ್ನು ಕಂಡರು.

"ಇಳಿಯೇ," ಎಂದು ಅಲ್ಲಿಂದಲೇ ಕೂಗಿದರು. "ಬೀಳ್ತೀಯ!"

ಇಳಿಯಲಿಲ್ಲ. ಡಾಕ್ಟರಮ್ಮ ಬಂದಿದ್ದಾಳೆ ಎಂದು ಕೂಗಿ ಹೇಳಿದೆ. ಕೈ ಒರೆಸಿಕೊಂಡು ಹೊರಟರು. ಅವರ ಮನೆಯ ಮೂಲೆ ತಿರುಗಿ ಮರೆಯಾಗುವವರೆಗೂ ನೋಡಿದೆ. ಆಮೇಲೆ ಸ್ಟೂಲಿನಿಂದ ಹಾರಿ, ಮನೆಯೊಳಗೇ ಓಡಿ, ಮುಂದಿನ ಗೇಟಿಗೆ ಬಂದು ನಿಂತೆ.

ಬಹಳ ಹೊತ್ತು ಯಾರೂ ಕಾಣಲಿಲ್ಲ. ಆಮೇಲೆ ಮೂಲೆಯಲ್ಲಿ ಇವರು. ಮುಖದ ಮೇಲೆ ಟವೆಲಿಲ್ಲ. ಬೇಕರಿಯ ಮುಂದೆ ಯಾರೋ ಎದ್ದುನಿಂತು ನಮಸ್ಕಾರ ಮಾಡಿದರು, ಇವರು ಕೈ ಎತ್ತಿದರು, ನಿಲ್ಲಲಿಲ್ಲ. ನಾನು ಗೇಟು ಹಿಡಿದುಕೊಂಡು ಅಳುತ್ತಿದ್ದೆ, ಬೀದಿಯಲ್ಲೇ, ಎಲ್ಲರೆದುರಿಗೇ. ಹೆಜ್ಜೆ ಎಣಿಸಬೇಕೆಂದುಕೊಂಡೆ, ಎಪ್ಪತ್ತರ ಆಚೆಗೆ ತಪ್ಪಿಹೋಯಿತು.

ಗೇಟಿನ ಹತ್ತಿರ ಬಂದು ಉಸಿರು ಬಿಟ್ಟು ನಿಂತರು.

"ಏನೇ?"

"ಏನಿಲ್ಲ. ನೋಡ್ತಿದ್ದೆ."

"ನೋಡು," ಅಂದರು.